ಬರೋಡಾದ ಗಿಳಿಗಳು ಕಲಿತದ್ದು ಹೇಗೆ?

ಜೈಪುರದ ಮಹಾರಾಣಿ ಗಾಯತ್ರೀದೇವಿಯವರ ತಾಯಿ ಇಂದಿರಾ, ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡರ ಮಗಳು. ಚಿಕ್ಕಂದಿನಲ್ಲಿ ಅಜ್ಜನ ಅರಮನೆಗೆ ಬಂದಾಗ ಕಂಡ ಗಿಳಿಗಳ ಆಟವನ್ನು ಗಾಯತ್ರೀದೇವಿ 1976ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ಬಣ್ಣಿಸಿದ್ದಾರೆ. ಗಿಳಿಗಳು ಬೆಳ್ಳಿಯ ಪುಟ್ಟ ಸೈಕಲ್ ತುಳಿಯುತ್ತಿದ್ದವು, ಬೆಳ್ಳಿಯ ಕಾರು ಓಡಿಸುತ್ತಿದ್ದವು, ಹಗ್ಗದ ಮೇಲೆ ನಡೆಯುತ್ತಿದ್ದವು. ಒಂದು ಗಿಳಿ ಕಾರಿಗೆ ಸಿಕ್ಕಿ ಬೀಳುವುದು, ಡಾಕ್ಟರ್ ಗಿಳಿ ಬಂದು ಪರೀಕ್ಷೆ ಮಾಡುವುದು, ಉಳಿದವು ಅದನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯುವುದು, ಹೀಗೆ ಒಂದು ನಾಟಕವೂ ನಡೆಯುತ್ತಿತ್ತು. ಕೊನೆಗೆ ಬೆಳ್ಳಿಯ ಚಿಕ್ಕ ಫಿರಂಗಿಯಿಂದ ತೋಪು ಹಾರುತ್ತಿತ್ತು. ಅಷ್ಟು ಸಣ್ಣ ಫಿರಂಗಿಯಿಂದ ಅಷ್ಟು ದೊಡ್ಡ ಸದ್ದು ಬಂದರೂ ಗಿಳಿಗಳು ಮಾತ್ರ ಅಲುಗಾಡದೆ ಕೂತಿರುತ್ತಿದ್ದವಂತೆ.

ಸೈಕಲ್ ತುಳಿಯುವುದು ಗಿಳಿಯ ಹುಟ್ಟುಗುಣವಲ್ಲ. ಇಂಥ ಆಟ ಕಲಿಸುವವರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತಾರೆ. ಗಿಳಿ ಸೈಕಲ್ ಕಡೆ ಒಂದು ಹೆಜ್ಜೆ ಇಟ್ಟರೆ ಒಂದು ಕಾಳು. ಮರುದಿನ ಹೆಜ್ಜೆಗೆ ಕಾಳಿಲ್ಲ, ಸೈಕಲ್ ಮುಟ್ಟಿದರೆ ಮಾತ್ರ. ಆಮೇಲೆ ಹತ್ತಿದರೆ, ಆಮೇಲೆ ಕಾಲು ಒತ್ತಿದರೆ. ಬೇಕಾದ ನಡೆಯನ್ನು ತುಣುಕು ತುಣುಕಾಗಿ ಒಡೆದು, ಪ್ರತಿ ತುಣುಕಿಗೂ ಆ ಕ್ಷಣದಲ್ಲೇ ಫಲ ಕೊಟ್ಟು ಮೇಲಕ್ಕೆ ಒಯ್ಯುವ ಈ ವಿಧಾನಕ್ಕೆ ಅಮೆರಿಕದ ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಪ್ರಯೋಗಶಾಲೆಯ ಶಿಸ್ತು ತಂದರು. ಆದರೆ ಪ್ರಾಣಿ ಪಳಗಿಸುವವರ ಕೈಗೆ ಅದು ಎಷ್ಟೋ ತಲೆಮಾರುಗಳಿಂದ ಗೊತ್ತಿತ್ತು.

ಫಿರಂಗಿಯ ಸದ್ದಿಗೆ ಬೆಚ್ಚದಿರುವುದು ಇನ್ನೊಂದು ಬಗೆಯ ಕಲಿಕೆ. ಅದನ್ನು ಕನ್ನಡಿಗರು ವರ್ಷವರ್ಷವೂ ಮೈಸೂರಿನಲ್ಲಿ ನೋಡುತ್ತಾರೆ. ದಸರೆಗೆ ಮೊದಲು ಆನೆ, ಕುದುರೆಗಳನ್ನು ನಿಲ್ಲಿಸಿ ಕುಶಾಲತೋಪಿನ ತಾಲೀಮು ನಡೆಸುತ್ತಾರೆ. ಮೊದಲ ಸಲ ಬಂದ ಆನೆ ಸಿಡಿತಕ್ಕೆ ಬೆದರಿ ಹಿಂದೆ ಸರಿಯುತ್ತದೆ, ಸೊಂಡಿಲೆತ್ತುತ್ತದೆ, ಮಾವುತ ಕೊರಳು ತಟ್ಟಿ ಮಾತಾಡಿಸುತ್ತಾನೆ. ಸದ್ದಾದ ಮೇಲೆ ಕೇಡೇನೂ ಆಗಲಿಲ್ಲ ಎಂಬುದು ಮತ್ತೆ ಮತ್ತೆ ಅನುಭವಕ್ಕೆ ಬಂದಾಗ ಬೆದರಿಕೆ ಇಳಿಯುತ್ತದೆ. ಅಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೊಸ ಆನೆಯನ್ನು ಒಂಟಿಯಾಗಿ ನಿಲ್ಲಿಸುವುದಿಲ್ಲ. ಹತ್ತಾರು ದಸರೆ ಕಂಡ ಆನೆಗಳ ಜತೆಗೇ ನಿಲ್ಲಿಸುತ್ತಾರೆ. ಸದ್ದಿಗೆ ಕಿವಿ ಬೀಸಿಕೊಂಡು ಸುಮ್ಮನಿರುವ ಹಿರಿಯಾನೆ ಪಕ್ಕದಲ್ಲಿದ್ದರೆ ಹೊಸತಕ್ಕೆ ಧೈರ್ಯ ಬೇಗ ಬರುತ್ತದೆಂಬುದು ಮಾವುತರ ಅರಿವು. ತಾಲೀಮು ಮುಗಿದ ಮೇಲೆ ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಕುಸುರೆ. ಸ್ವಂತ ಅನುಭವ, ಅದಕ್ಕೆ ಸಿಕ್ಕ ಫಲ, ಇನ್ನೊಬ್ಬರನ್ನು ನೋಡಿ ಪಡೆದ ಪಾಠ, ಈ ಮೂರೂ ಆ ಬಯಲಿನಲ್ಲಿ ಒಟ್ಟಿಗಿವೆ.

ಮನೋವಿಜ್ಞಾನದ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಾಗಿ ಮಾಡಿ, ತನಗಾದ ಅನುಭವದಿಂದ ಕಲಿಯುವ ಅನುಬಂಧನ ಒಂದು, ನೋಡಿ ಕಲಿಯುವ ವೀಕ್ಷಣೆಯ ಕಲಿಕೆ ಇನ್ನೊಂದು ಎಂದು ಓದಿಸುತ್ತವೆ. ಬಿ.ಇಡಿ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಬದುಕಿನಲ್ಲಿ ಅವು ಬೇರೆಯಾಗಿ ಇರುವುದೇ ಇಲ್ಲ. ಒಂದು ಜೀವಿ ಏನನ್ನು ಕಲಿಯುತ್ತದೆ ಎಂಬುದು ತನಗೆ ಏನಾಯಿತು, ತನ್ನ ಕಣ್ಣೆದುರು ಇತರರಿಗೆ ಏನಾಯಿತು ಎಂಬ ಎರಡರ ಲೆಕ್ಕ. ಉಪದೇಶದ ಪಾಲು ಆ ಲೆಕ್ಕದಲ್ಲಿ ತುಂಬ ಚಿಕ್ಕದು. ಈ ಮಾತಿಗೆ ವಡೋದರಾ, ಅಂದರೆ ಅಂದಿನ ಬರೋಡಾ, ಮತ್ತು ಅದರ ಸುತ್ತಿನ ಗುಜರಾತು ಕೊಡುವಷ್ಟು ಸಾಕ್ಷಿಯನ್ನು ಇನ್ನೊಂದು ಸೀಮೆ ಕೊಡುವುದು ಅಪರೂಪ.

ಮೊದಲು ಅನುಬಂಧನ. ರಷ್ಯಾದ ಇವಾನ್ ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಊಟದ ಮುನ್ಸೂಚನೆ ಸಿಕ್ಕರೂ ಸಾಕು, ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆಂಬುದು ಆ ಕೆಲಸದ ನಡುವೆ ಅವರ ಕಣ್ಣಿಗೆ ಬಿತ್ತು. ಈ ಕಥೆ ಎಲ್ಲರಿಗೂ ಗೊತ್ತು, ಬೆಳೆಸುವುದಿಲ್ಲ. ವಡೋದರಾದಿಂದ ಆಣಂದ್ ಕಡೆ ಹೊರಟು ಯಾವುದೇ ಹಳ್ಳಿಯಲ್ಲಿ ಬೆಳಗಿನ ಜಾವ ಎಮ್ಮೆ ಕರೆಯುವುದನ್ನು ನೋಡಿದರೆ ಇದೇ ಸಂಗತಿ ಕಾಣುತ್ತದೆ. ಕರು ಮೂತಿಯಿಂದ ಗುದ್ದಿದಾಗ ಎಮ್ಮೆಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಕೆಚ್ಚಲಿಗೆ ಹಾಲು ಇಳಿಯುವುದು ಹುಟ್ಟಿನಿಂದ ಬಂದದ್ದು. ಆದರೆ ಕೆಲವು ವಾರ ಕಳೆದರೆ ಪಾತ್ರೆಯ ಸದ್ದು, ಹಿಂಡಿ ಕಲಸುವ ವಾಸನೆ, ದಿನಾ ಕರೆಯುವವಳ ಹೆಜ್ಜೆ ಇಷ್ಟಕ್ಕೇ ಹಾಲಿಳಿಯತೊಡಗುತ್ತದೆ. ಕರೆಯುವ ಕೈ ಬದಲಾದರೆ ಎಮ್ಮೆ ಹಾಲು ಕಟ್ಟುತ್ತದೆ, ಹೊಡೆದರೆ ಇನ್ನೂ ಬಿಗಿಯುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದಿಟ್ಟು ಕರೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲೂ ಇತ್ತು.

ಎಮ್ಮೆಯ ಕಥೆ ಅಲ್ಲಿಗೆ ಮುಗಿದರೂ ಎಮ್ಮೆಯ ಒಡತಿಯ ಕಥೆ ಮುಗಿಯುವುದಿಲ್ಲ. 1946ರಲ್ಲಿ ಶುರುವಾದ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಂಘ, ಅಂದರೆ ಅಮುಲ್, ಹಳ್ಳಿಯ ಸೊಸೈಟಿಗಳಲ್ಲಿ ಒಂದು ಕ್ರಮ ತಂದಿತು. ಹಾಲು ಅಳೆದು ಅಲ್ಲೇ ಕೊಬ್ಬಿನಂಶ ಪರೀಕ್ಷೆ. ಬೆಳಗಿನ ಹಾಲಿಗೆ ಸಂಜೆ ದುಡ್ಡು, ಸಂಜೆಯ ಹಾಲಿಗೆ ಮರುಬೆಳಿಗ್ಗೆ. ನೀರು ಬೆರೆಸಿದರೆ ಆ ಹೊತ್ತೇ ಬೆಲೆ ಬೀಳುತ್ತದೆ, ಒಳ್ಳೆಯ ಮೇವು ಹಾಕಿದರೆ ಬೆಲೆ ಏರುತ್ತದೆ. ಕಲಬೆರಕೆ ಪಾಪ ಎಂಬ ಭಾಷಣ ಮಾಡಿ ಈ ಬದಲಾವಣೆ ತರಲು ಆಗುತ್ತಿರಲಿಲ್ಲ. ಫಲ ನಡೆಯ ಬೆನ್ನಿಗೇ ಬಂತು, ನ್ಯಾಯವಾಗಿ ಬಂತು, ಎಲ್ಲರ ಎದುರಿಗೆ ಬಂತು. ಪಕ್ಕದ ಮನೆಯವಳ ಕ್ಯಾನಿಗೆ ಎಷ್ಟು ಸಿಕ್ಕಿತೆಂದು ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಫಲದಿಂದ ನಡೆ ಗಟ್ಟಿಯಾಗುವುದಕ್ಕೆ ಇರುವ ಪುನರ್ಬಲನ ಎಂಬ ಪಾರಿಭಾಷಿಕ ಪದದ ಇಷ್ಟು ಸ್ವಚ್ಛವಾದ ಉದಾಹರಣೆ ನನಗೆ ಬೇರೆಲ್ಲೂ ಕಂಡಿಲ್ಲ.

ನೋಡಿ ಕಲಿಯುವ ವಿಷಯಕ್ಕೆ ವಿಜ್ಞಾನ ತಡವಾಗಿ ಬಂತು. 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದ ಎಡ್ವರ್ಡ್ ಥಾರ್ನ್‌ಡೈಕ್, ಒಂದು ಬೆಕ್ಕು ಇನ್ನೊಂದನ್ನು ನೋಡಿ ಚಿಲಕ ತೆಗೆಯಲು ಕಲಿಯುವುದಿಲ್ಲ ಎಂದು ತೀರ್ಮಾನಿಸಿದರು. ಆ ಮಾತು ಬಹಳ ಕಾಲ ಪ್ರಾಣಿಗಳ ಮೇಲೆ ಕೂತಿತು. ಆದರೆ 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಬಿಡಿಸಿದಾಗ ಎರಡೂ ದಾರಿ ಬಳಸಿದ್ದರು. ಅವನಿಗಿಷ್ಟದ ತಿಂಡಿ ಕೊಡುತ್ತ ಮೊಲವನ್ನು ದಿನದಿನಕ್ಕೂ ಹತ್ತಿರ ತಂದರು. ಮೊಲಕ್ಕೆ ಹೆದರದ ಮಕ್ಕಳನ್ನು ಅವನ ಎದುರಿಗೆ ಆಡಲು ಬಿಟ್ಟರು. ಮೈಸೂರಿನ ತಾಲೀಮಿನಲ್ಲಿ ಮಾವುತರು ಮಾಡುವುದೂ ಅದನ್ನೇ.

ಆಲ್ಬರ್ಟ್ ಬಂಡೂರಾ 1961ರಲ್ಲಿ ಮಾಡಿದ ಬೊಂಬೆಯ ಪ್ರಯೋಗ ಪ್ರಸಿದ್ಧ: ದೊಡ್ಡವರು ಗಾಳಿಬೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹೊಡೆದರು. ಅದಕ್ಕಿಂತ ಮುಖ್ಯವಾದದ್ದು 1965ರ ಪ್ರಯೋಗ. ಹೊಡೆದವನಿಗೆ ಶಿಕ್ಷೆಯಾದ ಚಿತ್ರ ನೋಡಿದ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಆದರೆ ‘ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಸ್ಟಿಕ್ಕರು, ಜ್ಯೂಸು ಕೊಡುತ್ತೇವೆ’ ಅಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಲಿತದ್ದು ಎಲ್ಲರೂ. ತೋರಿಸಿದ್ದು ಮಾತ್ರ ಫಲ ನೋಡಿಕೊಂಡು. ಕಂಡದ್ದು ಮನಸ್ಸಿನೊಳಗೆ ಉಳಿದುಬಿಡುತ್ತದೆ, ಅವಕಾಶ ಬಂದಾಗ ಹೊರಬರುತ್ತದೆ. ಮುಂದೆ ಹೇಳುವ ಬರೋಡಾದ ಘಟನೆಗೆ ಈ ಸೂತ್ರ ಬೇಕು.

ಪ್ರಾಣಿಗಳ ವಿಷಯದಲ್ಲೂ ಥಾರ್ನ್‌ಡೈಕ್ ಮಾತು ನಿಲ್ಲಲಿಲ್ಲ. ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಒಂದು ಮರಿಕೋತಿ ಗೆಣಸನ್ನು ತೊಳೆದು ತಿನ್ನತೊಡಗಿತು. ವರ್ಷಗಳಲ್ಲಿ ಆ ರೂಢಿ ಗುಂಪಿನ ಬಹುಪಾಲಿಗೆ ಹಬ್ಬಿತು. ನಮ್ಮ ಬಂಡೀಪುರದ ಕೋತಿಗಳು ಪ್ರವಾಸಿಗರ ಮುಂದೆ ಕೂಗುತ್ತ ಕೈಚಾಚುವುದನ್ನು ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ತಮ್ಮತಮ್ಮಲ್ಲಿ ಅವು ಹಾಗೆ ಕೈಚಾಚುವುದಿಲ್ಲ. ಮನುಷ್ಯರ ಮುಂದೆ ಮಾತ್ರ. ಆ ಕೈಗೆ ಬಿಸ್ಕತ್ತು ಇಟ್ಟವರು ನಾವು. ಆಮೇಲೆ ಕೋತಿಯ ಕಾಟ ಎಂದು ದೂರುವವರೂ ನಾವೇ.

ವಡೋದರಾದಲ್ಲಿ ಮನುಷ್ಯನ ನೆರೆ ಮೊಸಳೆ. ಊರ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ 2025ರ ಎಣಿಕೆಯಂತೆ ನಾನೂರಕ್ಕೂ ಹೆಚ್ಚು ಮಗ್ಗರ್ ಮೊಸಳೆಗಳಿವೆ. 2024ರ ಆಗಸ್ಟಿನ ಪ್ರವಾಹದಲ್ಲಿ ಅವು ಬಡಾವಣೆಗಳ ರಸ್ತೆಗೆ ಬಂದವು. ಆಣಂದ್ ಜಿಲ್ಲೆಯ ಮಲಾತಜ್‌ನಂಥ ಹಳ್ಳಿಗಳಲ್ಲಿ ಕೆರೆಯ ಒಂದು ದಡದಲ್ಲಿ ಮೊಸಳೆ, ಇನ್ನೊಂದರಲ್ಲಿ ಬಟ್ಟೆ ಒಗೆಯುವವರು. ಮೊಸಳೆ ಅಲ್ಲಿನ ಖೋಡಿಯಾರ್ ದೇವಿಯ ವಾಹನ. ಯಾವ ಹೊತ್ತಿಗೆ ನೀರಿಗಿಳಿಯಬಾರದು, ಯಾವ ತಿಂಗಳು ಮೊಟ್ಟೆಯಿಟ್ಟ ದಡದ ಕಡೆ ಸುಳಿಯಬಾರದು ಎಂಬುದನ್ನು ಮಕ್ಕಳು ಅಮ್ಮಂದಿರ ಹಿಂದೆ ನಡೆದು ಕಲಿಯುತ್ತಾರೆ. ಮೊಸಳೆಯೂ ಕಲಿಯಬಲ್ಲದು. ಆಸ್ಟ್ರೇಲಿಯಾದಲ್ಲಿ ವಿಷದ ಕಪ್ಪೆ ತಿಂದು ಸಿಹಿನೀರಿನ ಮೊಸಳೆಗಳು ಸಾಯುತ್ತಿದ್ದಾಗ, ವಿಷದ ಭಾಗ ತೆಗೆದು ವಾಕರಿಕೆಯ ರಾಸಾಯನಿಕ ಸೇರಿಸಿದ ಕಪ್ಪೆಗಳನ್ನು ವಿಜ್ಞಾನಿಗಳು ತೂಗುಹಾಕಿದರು. ತಿಂದು ಹೊಟ್ಟೆ ತೊಳಸಿದ ಮೊಸಳೆಗಳು ಕಪ್ಪೆಯ ಸಹವಾಸ ಬಿಟ್ಟವು, ಸಾವು ಬಹಳ ಇಳಿಯಿತು. ಆ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಇನ್ನು ಮನುಷ್ಯರ ಕೈಕೆಲಸ. ಸೂರತ್‌ನಲ್ಲಿ ವಜ್ರಕ್ಕೆ ಪಾಲಿಶ್ ಮಾಡುವ ಚಕ್ರದ ಮೇಜಿಗೆ ಘಂಟಿ ಎನ್ನುತ್ತಾರೆ. ಅದರ ಸುತ್ತ ಕೂತ ಅನುಭವಿಗಳ ಪಕ್ಕದಲ್ಲಿ ಹೊಸಬ ಕೂತು ನೋಡುತ್ತಾನೆ, ಕಡಿಮೆ ಬೆಲೆಯ ಕಲ್ಲಿನ ಮೇಲೆ ಕೈ ಪಳಗಿಸುತ್ತಾನೆ. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷದಿಂದ ಶುರುಮಾಡಿ, ರಾತ್ರಿಯಿಡೀ ಚೌಕಿಯಿಂದ ಹಿರಿಯರ ಕುಣಿತ ನೋಡುತ್ತ ಪುಂಡುವೇಷಕ್ಕೆ ಏರುತ್ತಿದ್ದದ್ದೂ ಹೀಗೆಯೇ. ವಡೋದರಾದ ನವರಾತ್ರಿಯ ಗರ್ಬಾ ಬಯಲಿನಲ್ಲಿ ಸಾವಿರಾರು ಜನ ಸುತ್ತು ಸುತ್ತಾಗಿ ಕುಣಿಯುವಾಗ ಆರೇಳು ವರ್ಷದ ಮಗು ಮುಂದಿನವಳ ಹಿಮ್ಮಡಿಯ ಮೇಲೆ ಕಣ್ಣು ನೆಟ್ಟಿರುತ್ತದೆ. ಚಪ್ಪಾಳೆಗೆ ಮೊದಲೇ ತಿರುಗಿದರೆ ಪಕ್ಕದವರಿಗೆ ಡಿಕ್ಕಿ. ಸರಿಯಾಗಿ ತಿರುಗಿದರೆ ಇಡೀ ಸುತ್ತು ತನ್ನನ್ನು ಹೊತ್ತು ನಡೆಸುತ್ತದೆ. ಯಾರೂ ಬೈಯುವುದಿಲ್ಲ, ಯಾರೂ ಅಂಕ ಕೊಡುವುದಿಲ್ಲ. ಒಂಬತ್ತು ರಾತ್ರಿ ಕಳೆಯುವಷ್ಟರಲ್ಲಿ ಹೆಜ್ಜೆ ಕೂತಿರುತ್ತದೆ.

ಸಯಾಜಿರಾವ್ ಅವರ ಆಳ್ವಿಕೆಯನ್ನು ಈ ಕಣ್ಣಿನಿಂದ ನೋಡಿದರೆ ಅದು ಜನರ ರೂಢಿ ಬದಲಿಸುವ ದೊಡ್ಡ ಪ್ರಯತ್ನ. 1893ರಲ್ಲಿ ಅಮ್ರೇಲಿ ಸೀಮೆಯಲ್ಲಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಮಕ್ಕಳನ್ನು ಕಳಿಸದ ತಂದೆತಾಯಿಗೆ ದಂಡ. ದಂಡಕ್ಕೆ ಹೆದರಿ ಮಕ್ಕಳು ಶಾಲೆಗೆ ಬರಬಹುದು, ಆದರೆ ಶಾಲೆ ಬಿಟ್ಟ ಮೇಲೆ ಓದಲು ಏನೂ ಸಿಗದಿದ್ದರೆ ಅಕ್ಷರ ಮರೆತುಹೋಗುತ್ತದೆ. ಫಲ ಸಿಗದ ನಡೆ ಕ್ರಮೇಣ ನಂದುತ್ತದೆಂಬುದು ಅನುಬಂಧನದ ಮೂಲಪಾಠ. ಮಹಾರಾಜರು ಇದನ್ನು ಕಂಡುಕೊಂಡು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿದರು. ಕೇಂದ್ರ ಗ್ರಂಥಾಲಯ ಎದ್ದಿತು, ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹಳ್ಳಿಹಳ್ಳಿಗೆ ಹೋದವು. ಓದಲು ಬಾರದವರಿಗಾಗಿ ಸಿನಿಮಾ ತೋರಿಸುವ ಒಂದು ಶಾಖೆಯೂ ಗ್ರಂಥಾಲಯ ಇಲಾಖೆಯಲ್ಲಿತ್ತು.

ಇದೇ ರಾಜರು 1880ರ ದಶಕದ ಮೊದಲಿಗೇ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದಿದ್ದರು. ಇದೇ ರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕ್‌ಗೆ ಹೋದರು. ಒಪ್ಪಂದದಂತೆ 1917ರಲ್ಲಿ ಬರೋಡಾದ ನೌಕರಿಗೆ ಬಂದರು. ಕಚೇರಿಯ ಜವಾನರು ಅವರ ಮೇಜಿಗೆ ಕಡತ ತಂದಿಡಲಿಲ್ಲ, ದೂರದಿಂದ ಎಸೆದರು. ಊರಿನಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಹೆಸರು ಮುಚ್ಚಿಟ್ಟು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರೆ, ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಹೊರಗಟ್ಟಿತು. ರೈಲಿನ ಹೊತ್ತಾಗುವ ತನಕ ಅವರು ಕಾಮಾಟಿಬಾಗ್ ಉದ್ಯಾನದಲ್ಲಿ, ಈಗಿನ ಸಯಾಜಿಬಾಗ್‌ನಲ್ಲಿ ಕೂತಿದ್ದರು. ಅಲ್ಲಿನ ಆಲದ ಮರದ ಜಾಗವನ್ನು ಇಂದು ಸಂಕಲ್ಪಭೂಮಿ ಎಂದು ಕರೆಯುತ್ತಾರೆ.

ಆ ಜವಾನರಿಗೆ ಕಡತ ಎಸೆಯಲು ಯಾರೂ ಪಾಠ ಹೇಳಿರಲಿಲ್ಲ. ರಾಜಾಜ್ಞೆ ಅದಕ್ಕೆ ವಿರುದ್ಧವೇ ಇತ್ತು. ಚಿಕ್ಕಂದಿನಲ್ಲಿ ಅಮ್ಮ ಎತ್ತರದಿಂದ ನೀರು ಸುರಿದದ್ದನ್ನು, ಅಪ್ಪ ದಾರಿಯಲ್ಲಿ ಪಕ್ಕಕ್ಕೆ ಸರಿದದ್ದನ್ನು, ಮುಟ್ಟಿದ ಅಣ್ಣನಿಗೆ ಸ್ನಾನ ಮಾಡಿಸಿದ್ದನ್ನು ಕಂಡು ಬೆಳೆದ ಮೈ ಅದು. ಮುಟ್ಟಿದರೆ ಮನೆಯಲ್ಲಿ ಅಸಹ್ಯ, ಬೈಗುಳ. ದೂರ ನಿಂತರೆ ಮೆಚ್ಚುಗೆ. ನೋಡಿ ಕಲಿತದ್ದಕ್ಕೆ ಫಲದ ಬೆಂಬಲವೂ ಸೇರಿತ್ತು. ಮೇಜಿನ ಆಚೆ ಕೂತ ವ್ಯಕ್ತಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರೆಂಬುದು ಆ ಮೈಗೆ ಲೆಕ್ಕಕ್ಕೇ ಬರಲಿಲ್ಲ. ಕಡತ ಎಸೆದವನಿಗೆ ಅಂದೇ ಏನಾದರೂ ಶಿಕ್ಷೆಯಾಗಿ, ಉಳಿದವರು ಅದನ್ನು ಕಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ಆಜ್ಞೆ ಮೇಲಿನಿಂದ ಬಂತು, ಕಚೇರಿಯ ಪಡಸಾಲೆಯಲ್ಲಿ ಫಲ ಬದಲಾಗಲಿಲ್ಲ.

ತೋರಿಸಿ ಕಲಿಸುವ ಆಸೆ ಆರು ದಶಕಗಳ ನಂತರ ಆಕಾಶಕ್ಕೆ ಹಾರಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ಕಾರ್ಯಕ್ರಮ ಹರಿದದ್ದು ಅಹಮದಾಬಾದ್‌ನ ಭೂಕೇಂದ್ರದಿಂದ. ಸೈಟ್ ಎಂದು ಹೆಸರಾದ ಈ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ತೆಲುಗಿನವರಿಗೂ ನಮಗೂ ಚಿತ್ರ ಒಂದೇ, ಧ್ವನಿ ಬೇರೆ. ಶಾಲೆಯ ಅಂಗಳದಲ್ಲಿ ಊರಿಗೆ ಒಂದೇ ಟಿವಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಆಮೇಲಿನ ಅಧ್ಯಯನಗಳಲ್ಲಿ ಆರೋಗ್ಯ, ಬೇಸಾಯದ ಬಗ್ಗೆ ತಿಳಿವಳಿಕೆ ಹೆಚ್ಚಾದದ್ದು ಕಂಡಿತು, ಅದು ರೂಢಿಗೆ ಇಳಿದದ್ದು ಕಡಿಮೆ. ಬಂಡೂರಾ ಮಕ್ಕಳ ಬಗ್ಗೆ ಹೇಳಿದ್ದೇ ಇಲ್ಲೂ ನಡೆಯಿತು. ಹೊಸ ಬೀಜ ಬಿತ್ತುವುದನ್ನು ಪರದೆಯ ಮೇಲೆ ನೋಡಿದವನಿಗೆ ಆ ಬೀಜ, ನೀರು, ಸಾಲ ಊರಲ್ಲಿ ಸಿಗದಿದ್ದರೆ ನೋಡಿದ್ದು ಒಳಗೇ ಉಳಿಯುತ್ತದೆ. ಖೇಡಾ ಜಿಲ್ಲೆಯ ಪೀಜ್‌ನಲ್ಲಿ ಪುಟ್ಟ ಪ್ರಸಾರಕ ಇಟ್ಟು, ಹಳ್ಳಿಯವರ ಜಗಳ, ಜಾತಿ, ಕೂಲಿಯ ಕಥೆಗಳನ್ನು ಹಳ್ಳಿಯವರನ್ನೇ ಸೇರಿಸಿಕೊಂಡು ತೋರಿಸಿದ ಯೋಜನೆ ಹೆಚ್ಚು ಬೇರೂರಿತು. 1984ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿ ಬಂತು.

ಅದೇ ವರ್ಷ ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’ ಧಾರಾವಾಹಿ, ಬಂಡೂರಾ ಸಿದ್ಧಾಂತವನ್ನು ಮೆಕ್ಸಿಕೋದಲ್ಲಿ ಧಾರಾವಾಹಿಗೆ ಅಳವಡಿಸಿದ ಮಿಗೆಲ್ ಸಬೀದೊ ಅವರ ಮಾದರಿಯಲ್ಲಿ ಹುಟ್ಟಿದ್ದು. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ಬರೆದವರು ಹೀಗಾಗಬಾರದು ಎಂದು ತೋರಿಸಲು ಹೊರಟರೆ, ಎಷ್ಟೋ ಪ್ರೇಕ್ಷಕರು ಅವಳೇ ಆದರ್ಶ ಎಂದುಕೊಂಡರು. ನೋಡುವವರು ತಮ್ಮ ಮಾದರಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಪರದೆಯ ಹೊರಗೆ ಸಹನೆಗೆ ಶಭಾಷ್‌ಗಿರಿ ಸಿಗುತ್ತಲೇ ಇರುವ ತನಕ ಪರದೆಯ ಮೇಲಿನ ಪಾಠಕ್ಕೆ ಬಲವಿಲ್ಲ.

ಶಿಕ್ಷಕರಿಗೆ ಕಲಿಸುವ ಬಗ್ಗೆಯೂ ವಡೋದರಾ ಯೋಚಿಸಿದೆ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಶಿಕ್ಷಣದ ಉನ್ನತ ಅಧ್ಯಯನ ಕೇಂದ್ರ 1960, 70ರ ದಶಕಗಳಲ್ಲಿ ಸ್ಕಿನ್ನರ್ ಪ್ರೇರಣೆಯ ಪ್ರೋಗ್ರಾಮ್ಡ್ ಲರ್ನಿಂಗ್ ಮತ್ತು ಮೈಕ್ರೋ ಟೀಚಿಂಗ್ ಎರಡನ್ನೂ ಪರೀಕ್ಷೆಗೊಡ್ಡಿತು. ಭಾರತದ ಮಾದರಿಯಲ್ಲಿ ಮೈಕ್ರೋ ಟೀಚಿಂಗ್‌ನ ಒಂದು ಸುತ್ತು 36 ನಿಮಿಷದ್ದು: ಒಂದೇ ಕೌಶಲ ಹಿಡಿದು ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ತಿದ್ದುಪಡಿ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಮೊದಲು ಮಾದರಿ ಪಾಠ ನೋಡಬೇಕು, ತಾನು ಮಾಡಬೇಕು, ಆ ಕೂಡಲೇ ಫಲ ತಿಳಿಯಬೇಕು. ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಅದು ರೆಕಾರ್ಡ್ ಬರೆದು ಸಹಿ ಹಾಕಿಸುವ ಕೆಲಸಕ್ಕೆ ಇಳಿದಿರುವುದು ನೋವಿನ ಸಂಗತಿ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಮು ಮಕ್ಕಳಿಗೆ ದೈಹಿಕ, ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸಿದೆ. ಕಲಿಕೆಯ ವಿಜ್ಞಾನವೂ ಅದರ ಪರವೇ. ಪೆಟ್ಟು ತಿಂದ ಮಗು ಗಣಿತ ಕಲಿಯುವುದಿಲ್ಲ. ಗಣಿತದ ಮೇಷ್ಟ್ರನ್ನು ಕಂಡರೆ ಹೊಟ್ಟೆ ಕಿವುಚಿಕೊಳ್ಳುವುದನ್ನು ಕಲಿಯುತ್ತದೆ. ನೋಡುತ್ತಿದ್ದ ಉಳಿದ ಮಕ್ಕಳು, ಬಲವಿದ್ದವನು ಹೊಡೆಯಬಹುದು ಎಂಬುದನ್ನು ಕಲಿಯುತ್ತಾರೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೊ ಹೊರಬಂತು. ಸಿಬ್ಬಂದಿ ಅಮಾನತಾದರು, ಬಂಧನವೂ ಆಯಿತು. ಅದು ಆಗಲೇಬೇಕಿತ್ತು. ಆ ಗುಂಡಿಯ ಸುತ್ತ ನಿಂತು ನೋಡುವ ಮಕ್ಕಳ ತಲೆಗೆ ಯಾವ ಪಾಠ ಇಳಿದೀತು ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ಸಂವಿಧಾನದ ಪೀಠಿಕೆಯನ್ನು ನಮ್ಮ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ ಓದಿಸುತ್ತೇವೆ. ಓದಿಸಿದ್ದು ಒಂದು, ಕಂಡದ್ದು ಇನ್ನೊಂದಾದರೆ ಉಳಿಯುವುದು ಕಂಡದ್ದೇ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಶಾಲೆಗೆ ಒಂದು ದಿನ ಬಿಸಿಯೂಟದ ಹೊತ್ತಿಗೆ ಹೋಗಿ. ಯಾರು ಬಡಿಸುತ್ತಾರೆ, ಯಾರ ಪಕ್ಕ ಯಾರು ಕೂರುತ್ತಾರೆ, ಊಟದ ಮೇಲೆ ಕಸಬರಿಗೆ ಯಾವ ಮಗುವಿನ ಕೈಗೆ ಬರುತ್ತದೆ, ಶೌಚಾಲಯಕ್ಕೆ ನೀರು ಹೊರುವವರು ಯಾರು, ನೋಡಿ. ತಪ್ಪು ಕಂಡರೆ ಅಲ್ಲೇ, ಮಕ್ಕಳ ಎದುರಿಗೇ, ಸರಿಪಡಿಸಲು ಹೇಳಿ. ಮುಂದಿನ ಎಸ್‌ಡಿಎಂಸಿ ಸಭೆಗೆ ಅದನ್ನು ಮುಂದೂಡಬೇಡಿ.